ಹಣೆಬರಹ ಮತ್ತು ಠರಾವು

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲೂಕಿನ ಸನವಳ್ಳಿ ಸುತ್ತಲಿನ ಹಳ್ಳಿಗಳಲ್ಲಿ ಮನೆ ಮಂಜೂರಾತಿ ಪಟ್ಟಿಯಲ್ಲಿ ಹೆಸರು ಬಾರದವರು, ಮಾಡಿದ ಕೆಲಸದ ಕೂಲಿ ಖಾತೆಗೆ ಬೀಳದವರು, ಸಂಜೆಯ ಬಸ್ಸಿಗೆ ಕಾದು ಕಾದು ಕಡೆಗೆ ಕಾಡುದಾರಿಯಲ್ಲಿ ನಡೆದೇ ಊರು ಸೇರಿದವರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: ‘ಏನ್ ಮಾಡೂದ್ರಿ, ನಮ್ಮ ಹಣೇಬರ.’

ಕೂಸು ಹುಟ್ಟಿದ ಐದನೆಯ ರಾತ್ರಿ ಶೆಟಗೆವ್ವ ಎಂಬ ದೇವತೆ ಬಂದು ಹಣೆಯ ಮೇಲೆ ಬರೆದು ಹೋಗುತ್ತಾಳೆಂದು ಉತ್ತರ ಕರ್ನಾಟಕದ ಅಜ್ಜಿಯರು ನಂಬಿಕೊಂಡು ಬಂದಿದ್ದಾರೆ. ಆ ಬರಹ ಓದಿದವರಿಲ್ಲ, ತಿದ್ದಿದವರಂತೂ ಇಲ್ಲವೇ ಇಲ್ಲ. ಪಂಚಾಯಿತಿ ಕಚೇರಿಯ ಕಪಾಟಿನಲ್ಲಿರುವ ನಡಾವಳಿ ಪುಸ್ತಕದ ಬರಹದ ಮಾತೇ ಬೇರೆ. ಅಲ್ಲಿ ದಿನಾಂಕ ಇರುತ್ತದೆ. ಸೂಚಿಸಿದವರು ಯಾರು, ಅನುಮೋದಿಸಿದವರು ಯಾರು ಎಂದು ಹೆಸರು ಇರುತ್ತದೆ. ಕೆಳಗೆ ಸಹಿಗಳ ನಡುವೆ ಅಲ್ಲೊಂದು ಇಲ್ಲೊಂದು ಹೆಬ್ಬೆಟ್ಟಿನ ಗುರುತೂ ಇರುತ್ತದೆ. ಆ ಠರಾವನ್ನು ಓದಬಹುದು, ಮುಂದಿನ ಸಭೆಯಲ್ಲಿ ಬದಲಿಸಲೂಬಹುದು. ಹಳ್ಳಿಯ ಬದುಕಿನಲ್ಲಿ ಎಷ್ಟು ಪಾಲು ಶೆಟಗೆವ್ವ ಬರೆದದ್ದು, ಎಷ್ಟು ಪಾಲು ಮನುಷ್ಯರು ಕುರ್ಚಿಯ ಮೇಲೆ ಕುಳಿತು ಬರೆದದ್ದು? ಮೇಲುನೋಟಕ್ಕೆ ಇದು ಆಡಳಿತದ ಪ್ರಶ್ನೆ. ಬುಡದಲ್ಲಿ ಇದು ಧರ್ಮದ್ದೇ ಪ್ರಶ್ನೆ, ಅದೂ ಬಹಳ ಹಳೆಯದು.

ಬುದ್ಧನಿಗೆ ಇದು ನೇರವಾಗಿಯೇ ಎದುರಾಗಿತ್ತು. ರಾಜಗೃಹದಲ್ಲಿ ಮೋಳಿಯ ಸೀವಕನೆಂಬ ಪರಿವ್ರಾಜಕ ಬಂದು, ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ ಕರ್ಮದ ಫಲವೆಂದು ಕೆಲವರು ಹೇಳುತ್ತಾರಲ್ಲ, ನೀವೇನನ್ನುತ್ತೀರಿ ಎಂದು ಕೇಳಿದ. ಬುದ್ಧ ಆ ಮಾತನ್ನು ಒಪ್ಪಲಿಲ್ಲ. ನೋವಿಗೆ ಎಂಟು ಕಾರಣಗಳನ್ನು ಎಣಿಸಿ ತೋರಿಸಿದ. ಪಿತ್ತ, ಕಫ, ವಾತ, ಇವು ಮೂರೂ ಕೂಡಿದ್ದು, ಋತುವಿನ ಏರುಪೇರು, ಅಜಾಗರೂಕತೆ, ಇನ್ನೊಬ್ಬರ ಹೊಡೆತ. ಕರ್ಮ ಇವೆಲ್ಲ ಆದಮೇಲೆ ಎಂಟನೆಯದಾಗಿ ಬರುತ್ತದೆ. ಕರ್ಮಸಿದ್ಧಾಂತವನ್ನು ಬೋಧಿಸಿದವನೇ ಅದಕ್ಕೊಂದು ಎಲ್ಲೆಯನ್ನೂ ಹಾಕಿದ. ಎಲ್ಲವೂ ಕರ್ಮ ಎನ್ನುವವರು ತಮಗೇ ಗೊತ್ತಿರುವುದನ್ನೂ, ಲೋಕ ನಿಜವೆಂದು ಒಪ್ಪಿರುವುದನ್ನೂ ಮೀರಿ ಮಾತಾಡುತ್ತಾರೆ ಎಂಬುದು ಅವನ ನಿಲುವು.

ಈ ಮಾತು ಮುಂಡಗೋಡಕ್ಕೆ ದೂರದ್ದಲ್ಲ. 1966ರಲ್ಲಿ ಇದೇ ತಾಲೂಕಿನ ಕಾಡಿನಂಚಿನಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ಆರಂಭವಾಯಿತು. ಲ್ಹಾಸಾದ ಬಳಿ ಶತಮಾನಗಳಿಂದ ಇದ್ದ ಡ್ರೆಪುಂಗ್ ಮತ್ತು ಗಾಡೆನ್ ಮಹಾವಿಹಾರಗಳು ಮುಂದೆ ಇಲ್ಲಿ ಮರುಹುಟ್ಟು ಪಡೆದವು. ಅಂಗೈಗೆ ಅಂಗೈ ಬಡಿದು ತರ್ಕ ನಡೆಸುವ ಈ ವಿಹಾರಗಳ ಭಿಕ್ಷುಗಳು ಆಚಾರ್ಯ ನಾಗಾರ್ಜುನನನ್ನು ತಮ್ಮ ದರ್ಶನದ ಮೂಲಪುರುಷರಲ್ಲಿ ಒಬ್ಬನೆಂದು ಕಾಣುತ್ತಾರೆ. ಅವನ ‘ರತ್ನಾವಳಿ’ ಶಾತವಾಹನ ರಾಜನೊಬ್ಬನಿಗೆ ಬರೆದ ಪತ್ರವೆಂದು ಪರಂಪರೆ ನಂಬುತ್ತದೆ. ಶೂನ್ಯತೆಯನ್ನು ವಿವರಿಸುವ ಆ ಕೃತಿಯಲ್ಲೇ ತಾಲೂಕು ಪಂಚಾಯಿತಿಯ ವಿಷಯಸೂಚಿಯಂಥ ಭಾಗವೂ ಇದೆ: ನೀರಿಲ್ಲದ ದಾರಿಗಳಲ್ಲಿ ನೀರಿಡಿಸು, ಊರುಗಳಲ್ಲಿ ದಾರಿಹೋಕರಿಗೆ ತಂಗುದಾಣ ಕಟ್ಟಿಸು, ಬೆಳೆ ಹೋದ ರೈತನಿಗೆ ಬೀಜ ಕೊಡು, ತೆರಿಗೆ ಇಳಿಸು, ಕಳ್ಳಕಾಕರ ಭಯ ತಪ್ಪಿಸು, ಸೆರೆಯಲ್ಲಿರುವವರಿಗೂ ಕ್ಷೌರ, ಸ್ನಾನ, ಅನ್ನ, ಔಷಧ ಸಿಗಲಿ. ತಂಗುದಾಣದಲ್ಲಿ ಏನೇನಿರಬೇಕೆಂಬುದನ್ನೂ ಅವನು ಬಿಡುವುದಿಲ್ಲ. ಪಾದರಕ್ಷೆ, ಕೊಡೆ, ನೀರು ಸೋಸುವ ಸಾಧನ, ಮುಳ್ಳು ಕೀಳುವ ಚಿಮಟ, ಸೂಜಿ, ದಾರ.

ಮುಳ್ಳು ಕೀಳುವ ಚಿಮಟದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಕರ್ಮವನ್ನು ಪೂರ್ತಿ ನಂಬಿದ ದಾರ್ಶನಿಕ ದಾರಿಹೋಕನ ಕಾಲಿಗೆ ಚುಚ್ಚಿದ ಮುಳ್ಳನ್ನು ಪೂರ್ವಜನ್ಮದ ಲೆಕ್ಕಕ್ಕೆ ಬರೆಯಲಿಲ್ಲ, ರಾಜನ ಖರ್ಚಿನ ಲೆಕ್ಕಕ್ಕೆ ಬರೆದ.

ಆ ಲೆಕ್ಕದ ಸಾಕ್ಷಿ ಪಕ್ಕದ ಶಿರಸಿ ತಾಲೂಕಿನಲ್ಲೇ ಇದೆ. ಶಾತವಾಹನರ ಆಳ್ವಿಕೆ ಅಲ್ಲಿನ ಬನವಾಸಿಯವರೆಗೂ ಹಬ್ಬಿತ್ತು. ಅವರ ನಂತರ ಚುಟು ವಂಶದವರು ಅಲ್ಲಿ ಆಳಿದರು. ಮಧುಕೇಶ್ವರ ದೇವಸ್ಥಾನದಲ್ಲಿರುವ ಐದು ಹೆಡೆಯ ನಾಗಶಿಲ್ಪದ ಮೇಲಿನ ಪ್ರಾಕೃತ ಶಾಸನ ಚುಟು ರಾಜಕುಮಾರಿಯೊಬ್ಬಳ ಕೊಡುಗೆಯನ್ನು ದಾಖಲಿಸುತ್ತದೆ: ಒಂದು ನಾಗ, ಒಂದು ಕೆರೆ, ಒಂದು ವಿಹಾರ. ದೇವರು, ನೀರು, ಭಿಕ್ಷುಗಳ ವಸತಿ ಮೂರೂ ಒಂದೇ ಕಲ್ಲಿನ ಮೇಲಿವೆ. ಇಂದು ಸನವಳ್ಳಿಯಲ್ಲೂ ಜಲಾಶಯವಿದೆ, ಮಳಗಿಯಲ್ಲಿ ಧರ್ಮಾ ಜಲಾಶಯವಿದೆ. ಇವು ಯಾವ ರಾಜಕುಮಾರಿಯ ಪುಣ್ಯವೂ ಅಲ್ಲ, ಜನರ ತೆರಿಗೆಯವು. ಹಾಗಾಗಿ ಕಾಲುವೆಯ ಕೊನೆಯ ಗದ್ದೆಗೆ ನೀರು ಬಾರದಿದ್ದಾಗ ರೈತ ಕೇಳುವುದು ಭಿಕ್ಷೆಯಲ್ಲ. ಪುಣ್ಯಕ್ಕಾಗಿ ಕೊಟ್ಟದ್ದನ್ನು ಕೈಮುಗಿದು ಪಡೆಯಬೇಕಾಗುತ್ತದೆ. ಹೊಣೆಯೆಂದು ಕೊಡಬೇಕಾದ್ದನ್ನು ನೆಟ್ಟಗೆ ನಿಂತು ಕೇಳಬಹುದು.

ಪುಣ್ಯದಿಂದ ಹೊಣೆಗೆ ಸಾಗುವ ಈ ನಡೆಯನ್ನು ಕರ್ನಾಟಕದಲ್ಲಿ ಕಾನೂನಿಗೆ ತಂದವರಲ್ಲಿ ಇಬ್ಬರ ಹೆಸರು ಮೊದಲು ಬರಬೇಕು. ಒಬ್ಬರು ಇದೇ ಜಿಲ್ಲೆಯ ಸಿದ್ದಾಪುರ ತಾಲೂಕಿನ ದೊಡ್ಮನೆಯ, ಆಗ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ. ಇನ್ನೊಬ್ಬರು ಅವರ ಸಂಪುಟದ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್. ಬರದ ವರ್ಷಗಳಲ್ಲಿ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಅವರು 1983ರ ಪಂಚಾಯತ್ ಕಾಯ್ದೆಯ ಬೆನ್ನೆಲುಬಾಗಿದ್ದರು. ಆ ಕಾಯ್ದೆಯಡಿ 1987ರಲ್ಲಿ ಚುನಾವಣೆ ನಡೆಯಿತು. ಮರುವರ್ಷ ಸಾಬರು ತೀರಿಕೊಂಡರು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ಗ್ರಾಮೀಣ ವಸತಿ, ರಸ್ತೆ, ಕುಡಿಯುವ ನೀರು ಸೇರಿದಂತೆ 29 ವಿಷಯಗಳನ್ನು ಪಂಚಾಯಿತಿಗಳಿಗೆ ವಹಿಸಬಹುದೆಂದು ಪಟ್ಟಿ ಮಾಡಿತು. ಅಂಥ ನಾಡಿನಲ್ಲೇ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಅಧಿಕಾರಿಗಳೇ ಆಡಳಿತ ನಡೆಸಿದರು. ಕೇಳಿಸಿಕೊಳ್ಳಬೇಕಾದ ಕುರ್ಚಿಯನ್ನೇ ಖಾಲಿ ಬಿಟ್ಟರೆ ಜನ ಹಣೆಬರಹದ ಮಾತಾಡದೆ ಇನ್ನೇನು ಆಡಿಯಾರು?

ವಿಧಿಯ ವಾದ ಅತ್ಯಂತ ಗಟ್ಟಿಯಾಗಿ ಕೇಳುವುದು ದುರಂತಗಳಲ್ಲಿ. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತಾಗ ಗಾಂಧೀಜಿ ಅದನ್ನು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೆಂದರು. ರವೀಂದ್ರನಾಥ ಟ್ಯಾಗೋರರು ಬಹಿರಂಗವಾಗಿ ವಿರೋಧಿಸಿದರು: ಭೌತಿಕ ಉತ್ಪಾತಕ್ಕೆ ಭೌತಿಕ ಕಾರಣವೇ ಇರುತ್ತದೆ, ನೀತಿಯನ್ನು ಅದಕ್ಕೆ ಗಂಟುಹಾಕಿದರೆ ಜನರ ವಿವೇಚನೆ ಕುಂದುತ್ತದೆ. ಅದೇ ವರ್ಷ ಹರಿಜನ ಪ್ರವಾಸದಲ್ಲಿ ಗಾಂಧೀಜಿ ಶಿರಸಿಗೂ ಬಂದಿದ್ದರು. ಅಸ್ಪೃಶ್ಯತೆ ಪಾಪವೆಂಬ ಅವರ ಮಾತು ನೂರಕ್ಕೆ ನೂರು ಸರಿ. ಭೂಕಂಪದ ವಿಷಯದಲ್ಲಿ ಮಾತ್ರ ಸರಿ ಇದ್ದದ್ದು ಟ್ಯಾಗೋರರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಪಕ್ಕದ ಚಹಾ ಅಂಗಡಿಯ ಕುಟುಂಬವೇ ಮಣ್ಣುಪಾಲಾದಾಗ ಈ ಜಿಲ್ಲೆಯ ಜನ ಕೇಳಿದ್ದು ಯಾರ ಪಾಪವೆಂದಲ್ಲ. ಹೆದ್ದಾರಿಗಾಗಿ ಗುಡ್ಡ ಕಡಿದದ್ದು ಹೇಗೆ, ಕಡಿದ ಮೇಲೆ ತಡೆ ಏನು ಮಾಡಿದಿರಿ ಎಂದು. ಅದು ಟ್ಯಾಗೋರರ ಪ್ರಶ್ನೆ.

ಹಾಗೆಂದು ದೈವದ ಮಾತೆಲ್ಲ ಸುಳ್ಳೆಂದು ತಳ್ಳಿಹಾಕುವುದೂ ತಪ್ಪು. ಮಗನನ್ನು ಕಳೆದುಕೊಂಡ ತಾಯಿಗೆ ದೇವರಿಚ್ಛೆಯೆಂಬ ನಂಬಿಕೆ ಅಂದಿನ ರಾತ್ರಿ ಕಳೆಯಲು ಬೇಕಾಗುತ್ತದೆ, ಅದನ್ನು ಅವಳಿಂದ ಕಿತ್ತುಕೊಳ್ಳುವ ಅಧಿಕಾರ ಯಾವ ವಿಚಾರವಾದಿಗೂ ಇಲ್ಲ. ಅದೇ ಮಾತನ್ನು ಎಂಜಿನಿಯರ್ ಆಡಿದರೆ, ಅಧ್ಯಕ್ಷರು ಆಡಿದರೆ, ಅದು ನಂಬಿಕೆಯಲ್ಲ. ಭತ್ತದ ಕೊಯ್ಲಿನ ಹೊತ್ತಿಗೆ ದಾಂಡೇಲಿ ಕಾಡಿನ ಕಡೆಯಿಂದ ಹಳಿಯಾಳ, ಮುಂಡಗೋಡದ ಗದ್ದೆಗಳಿಗೆ ಆನೆಗಳು ಇಳಿಯುತ್ತವೆ. ಆನೆಯನ್ನು ಗಣಪ್ಪನೆಂದು ಕೈಮುಗಿಯುವ ರೈತನೇ ಬೆಳೆಹಾನಿ ಅರ್ಜಿಯನ್ನೂ ಬರೆಯುತ್ತಾನೆ. ಅವನಿಗೆ ಎರಡಕ್ಕೂ ಜಾಗ ಗೊತ್ತಿದೆ.

ಕೂಲಿಯ ವಿಷಯಕ್ಕೆ ಬಂದರೆ ಧರ್ಮದ ಮಾತನ್ನು ಬಳಸುವ ರೀತಿ ಇನ್ನಷ್ಟು ನೋಯಿಸುತ್ತದೆ. ಸಂಬಳ ತಡವಾದ ವಾಟರ್‌ಮನ್‌ಗೆ, ಚರಂಡಿ ಬಳಿಯುವವರಿಗೆ ವೇದಿಕೆಯಿಂದ ಶರಣರ ಕಾಯಕತತ್ವ ಹೇಳುವುದುಂಟು. ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತು: ಗಂಡ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಆಕೆ ವಾಪಸು ಕಳಿಸಿದಳು. ಈ ಕಥೆ ಹೇಳುವುದು ಹೆಚ್ಚು ತೆಗೆದುಕೊಂಡವನಿಗೆ. ಕೊಡಬೇಕಾದ್ದನ್ನು ಕೊಡದೆ ಇಟ್ಟುಕೊಂಡವರಿಗೂ ಅದು ಅನ್ವಯಿಸುತ್ತದೆ. ದುಡಿದೂ ಕೂಲಿ ಕಾಣದವಳಿಗೆ ಅದನ್ನು ಬುದ್ಧಿವಾದವಾಗಿ ಹೇಳುವುದು ಲಕ್ಕಮ್ಮನಿಗೇ ಮಾಡುವ ಅನ್ಯಾಯ. 2005ರ ಉದ್ಯೋಗ ಖಾತರಿ ಕಾಯ್ದೆ ಹದಿನೈದು ದಿನದೊಳಗೆ ಕೂಲಿ ಪಾವತಿಯಾಗಬೇಕು, ತಡವಾದರೆ ಪರಿಹಾರ ಕೊಡಬೇಕು ಎಂದು ಬರೆದಿಟ್ಟಿತು. 2025–26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ದರ ದಿನಕ್ಕೆ 370 ರೂಪಾಯಿ. ಆ ಹದಿನೈದು ದಿನದ ಗಡುವಿನಲ್ಲಿ ಶರಣರ ಮಾತಿನ ತಿರುಳಿದೆ. ಕೂಲಿಯನ್ನು ಧರ್ಮದ ಮಾತಾಗಿಯೇ ಕಂಡವರು ಬೇರೆಡೆಯೂ ಇದ್ದರು. ಅಮೆರಿಕದ ಮಾರ್ಟಿನ್ ಲೂಥರ್ ಕಿಂಗ್ ಎಂಬ ಪಾದ್ರಿ 1968ರ ಏಪ್ರಿಲ್ 4ರಂದು ಗುಂಡಿಗೆ ಬಲಿಯಾದದ್ದು ಮೆಂಫಿಸ್ ನಗರದಲ್ಲಿ. ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಸತ್ತ ಮೇಲೆ ಅಲ್ಲಿ ಮುಷ್ಕರ ಹೂಡಿದ್ದ ನಗರಾಡಳಿತದ ಕಸ ಸಾಗಿಸುವ ಕಾರ್ಮಿಕರ ಕೂಲಿ ಮತ್ತು ಮರ್ಯಾದೆಗಾಗಿ ಅವರು ಅಲ್ಲಿಗೆ ಹೋಗಿದ್ದರು. ಅವರ ಪಾಲಿಗೆ ಅದು ಪ್ರಾರ್ಥನೆಯಿಂದ ಬೇರೆಯಾದ ಕೆಲಸವಾಗಿರಲಿಲ್ಲ.

ಬಸ್ಸಿನ ಮಾತು ಬೇಗ ಮುಗಿಯುತ್ತದೆ, ಯಾಕೆಂದರೆ ಬಸ್ಸು ಪಂಚಾಯಿತಿಯ ಕೈಯಲ್ಲಿಲ್ಲ. ಅದು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ವಾಯವ್ಯ ಸಾರಿಗೆಯದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ. ಬಸ್ಸೇ ಹೋಗದ, ದನಗಾಹಿ ಗೌಳಿಗರ ಹಟ್ಟಿಯಾದ ಗೌಳಿವಾಡದ ಹುಡುಗಿಗೆ ಆ ಉಚಿತದಿಂದ ಏನೂ ಸಿಗಲಿಲ್ಲ. ಒಂದು ಠರಾವು ಮಾಡಿ ಡಿಪೋಗೆ ಕಳಿಸುವುದಷ್ಟೇ ಪಂಚಾಯಿತಿಗೆ ಸಾಧ್ಯ. ಅಷ್ಟನ್ನಾದರೂ ಪ್ರತಿ ಶಾಲಾವರ್ಷ ಮಾಡಬೇಕು.

ಎಲ್ಲಕ್ಕಿಂತ ಕಗ್ಗಂಟಾದದ್ದು ಮನೆಯ ಮಾತು. ಜಿಲ್ಲೆಯ ನೆಲದ ಬಹುಭಾಗ ಅರಣ್ಯ. ವಸತಿ ಯೋಜನೆಗೆ ಜಾಗದ ಕಾಗದ ಬೇಕು. ಅರಣ್ಯಭೂಮಿಯಲ್ಲಿ ಕುಳಿತವರಿಗೆ ಕಾಗದವಿಲ್ಲ. ಒಂದೇ ಕಾಡಿನ ಅಂಚಿನಲ್ಲಿ ಅಕ್ಕಪಕ್ಕ ಬದುಕುವ, ಆಫ್ರಿಕಾ ಮೂಲದ ಒಂದು ಸಿದ್ದಿ ಕುಟುಂಬ, ಒಂದು ಧನಗರ ಗೌಳಿ ಕುಟುಂಬವನ್ನು ಊಹಿಸಿಕೊಳ್ಳಿ. ಮಣ್ಣು ಒಂದೇ, ಮಳೆ ಒಂದೇ, ಹೊದಿಕೆಯೂ ಹೆಚ್ಚುಕಡಿಮೆ ಒಂದೇ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು, ಗೌಳಿಗರು ಸೇರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿದ್ದರೆಂದು ತೋರಿಸಿದರೆ ಸಾಕು. ಉಳಿದವರು ಅದಕ್ಕೂ ಹಿಂದಿನ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನು ರುಜುಪಡಿಸಬೇಕು. ಗುಡಿಸಲಿನಿಂದ ಗುಡಿಸಲಿಗೆ ಬೀಳುವ ಈ ಅಂತರವನ್ನು ಬರೆದದ್ದು ಶೆಟಗೆವ್ವನಲ್ಲ, ಸಂಸತ್ತು. ಕಾಡಿನಲ್ಲಿ ದನ ಕಾಯುತ್ತ ಜಾಗ ಬದಲಿಸಿದ ಅಜ್ಜನಿಗೆ 1930ರ ಸುಮಾರಿನ ಕಾಗದ ಎಲ್ಲಿಂದ ಬರಬೇಕು? ಸಿದ್ದಿಗಳಿಗೆ ಸಿಕ್ಕದ್ದು ಅವರ ಪೂರ್ವಜರು ಪಟ್ಟ ಪಾಡಿಗೆ ತಡವಾಗಿ ಬಂದ ಅಲ್ಪ ನ್ಯಾಯ, ಅದರಲ್ಲಿ ಕಡಿತವಾಗಬಾರದು. ಗೌಳಿಗರ ಮೇಲೆ ಹೊರಿಸಿದ ಸಾಕ್ಷ್ಯದ ಭಾರವನ್ನು ಹಗುರ ಮಾಡುವುದು ಸಾಧ್ಯ, ಅದಕ್ಕೆ ನಿಯಮಗಳಲ್ಲೇ ದಾರಿಯಿದೆ.

ಆ ನಿಯಮಗಳನ್ನು ಗ್ರಾಮಸಭೆಗಳಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು. ಹಕ್ಕಿನ ಅರ್ಜಿ ಮೊದಲು ಬರುವುದು ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿಯ ಮುಂದೆ, ಠರಾವು ಮಾಡುವುದು ಗ್ರಾಮಸಭೆ. ಸರಕಾರಿ ದಾಖಲೆಯೊಂದೇ ಸಾಕ್ಷ್ಯವಲ್ಲ: ಅರ್ಜಿದಾರರಲ್ಲದ ಹಿರಿಯರು ಬರೆಯಿಸಿದ ಹೇಳಿಕೆ ನಡೆಯುತ್ತದೆ, ಹಳೆಯ ಬಾವಿ ನಡೆಯುತ್ತದೆ, ಸತ್ತವರನ್ನು ಹೂಳಿದ ಜಾಗ ನಡೆಯುತ್ತದೆ, ಪೂಜೆಯ ಸ್ಥಳವೂ ನಡೆಯುತ್ತದೆ. ಮೂರು ತಲೆಮಾರು ಎಣ್ಣೆ ಹಚ್ಚಿದ ದೇವರ ಕಲ್ಲು ಇಲ್ಲಿ ಕಾನೂನಿನ ಕಣ್ಣಿಗೂ ಸಾಕ್ಷಿ. ಇಂಥದ್ದೇ ಕಾಗದ ತನ್ನಿ ಎಂದು ಮೇಲಿನ ಸಮಿತಿಗಳು ಪಟ್ಟು ಹಿಡಿಯುವಂತಿಲ್ಲ. ಗ್ರಾಮಸಭೆಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಅರವತ್ತು ದಿನದೊಳಗೆ ಉಪವಿಭಾಗ ಮಟ್ಟದ ಸಮಿತಿಗೆ ಮೇಲ್ಮನವಿ ಹಾಕಬಹುದು; ಮುಂಡಗೋಡದವರಿಗೆ ಅದು ಶಿರಸಿಯಲ್ಲಿದೆ. ಅಲ್ಲೂ ಆಗದಿದ್ದರೆ ಮತ್ತೆ ಅರವತ್ತು ದಿನದೊಳಗೆ ಕಾರವಾರದ ಜಿಲ್ಲಾ ಸಮಿತಿ. ಅರ್ಜಿ ತಿರಸ್ಕಾರವಾದವರು ಮೊದಲು ಕೇಳಿ ಪಡೆಯಬೇಕಾದದ್ದು ಆ ಠರಾವಿನ ನಕಲು, ಅದರ ಮೇಲಿನ ತಾರೀಖಿನ ಸಮೇತ.