ತೆರೆದಿಟ್ಟದ್ದನ್ನು ಇಟ್ಟುಕೊಳ್ಳುವವರು ಯಾರು?

ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದ ತಾಳೆಗರಿಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿತ್ತು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿದರು. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. ಇದನ್ನು ನಾವು ಶೋಧದ ಕಥೆಯಾಗಿ ಹೇಳಿಕೊಳ್ಳುತ್ತೇವೆ. ಆದರೆ ಶೋಧಕ್ಕೂ ಮೊದಲು ಇನ್ನೊಂದು ಕೆಲಸ ನಡೆದಿತ್ತು. ಒಂದು ಗ್ರಂಥಾಲಯ ಆ ಕಟ್ಟನ್ನು ತನ್ನದೆಂದು ತೆಗೆದುಕೊಂಡಿತ್ತು, ಒಳಗಿರುವುದರ ಬೆಲೆ ತಿಳಿಯುವ ಮೊದಲೇ ಅದನ್ನು ಕಾಪಾಡಿತ್ತು. ಓದಬಲ್ಲವರು ಎದುರಿಗೆ ಬಂದಾಗ ಕೊಡಲು ಅದರ ಕೈಯಲ್ಲಿ ಏನೋ ಇತ್ತು. ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳೂ ವಿದ್ವತ್ ಪ್ರಕಟಣೆಯೂ ಡಿಜಿಟಲ್ ಮುಕ್ತ ಪ್ರವೇಶದ ಕಾಲಕ್ಕೆ ಹೇಗೆ ಒಗ್ಗಬೇಕು ಎಂದು ಇಪ್ಪತ್ತು ವರ್ಷಗಳಿಂದ ನಡೆದಿರುವ ಚರ್ಚೆಯಲ್ಲಿ ಓದುವ ಹಕ್ಕಿನ ಮಾತು ಬಹಳವಿದೆ, ಬೆಲೆಯ ಮಾತು ಅದಕ್ಕಿಂತ ಹೆಚ್ಚಿದೆ. ಇಟ್ಟುಕೊಳ್ಳುವ ಮಾತು ಮಾತ್ರ ಅಪರೂಪ. ಈ ಪ್ರಬಂಧ ಆ ಮೂರನೆಯ ಮಾತಿನ ಪರವಾಗಿ.

ಕಾಗದದ ಕಾಲದಲ್ಲಿ ಜರ್ನಲಿಗೆ ಚಂದಾ ಕಟ್ಟಿದ ಗ್ರಂಥಾಲಯಕ್ಕೆ ಒಂದು ವಸ್ತು ಬರುತ್ತಿತ್ತು. ವರ್ಷದ ಸಂಚಿಕೆಗಳನ್ನು ಒಟ್ಟಿಗೆ ಬೈಂಡ್ ಮಾಡಿಸಿ, ಬೆನ್ನಿಗೆ ಸಂಪುಟದ ಸಂಖ್ಯೆ ಹೊಡೆಸಿ ಕಪಾಟಿಗೆ ಸೇರಿಸಿದರೆ ಅದು ಗ್ರಂಥಾಲಯದ ಸ್ವತ್ತು. ಮರುವರ್ಷ ಚಂದಾ ನಿಲ್ಲಿಸಿದರೂ, ಪ್ರಕಾಶಕ ಬಾಗಿಲು ಹಾಕಿದರೂ ಕಪಾಟು ಖಾಲಿಯಾಗುತ್ತಿರಲಿಲ್ಲ. 1665ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಓಲ್ಡೆನ್‌ಬರ್ಗ್ ಆರಂಭಿಸಿದ ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್ ಪತ್ರಿಕೆಯ ಮೊದಲ ಸಂಚಿಕೆಗಳು ಇಂದಿಗೂ ಓದಲು ಸಿಗುತ್ತಿದ್ದರೆ, ಅದರ ಪ್ರತಿಗಳು ಹಲವು ಊರುಗಳ ಗ್ರಂಥಾಲಯಗಳಿಗೆ ಚದುರಿ ಹೋಗಿದ್ದವು ಎಂಬುದು ಅದಕ್ಕೆ ದೊಡ್ಡ ಕಾರಣ. 1990ರ ದಶಕದಲ್ಲಿ ಜರ್ನಲುಗಳು ಜಾಲಕ್ಕೆ ಏರಿದಾಗ ಈ ಒಡೆತನ ಸದ್ದಿಲ್ಲದೆ ಕೈಬಿಟ್ಟಿತು. ಹಣ ತೆತ್ತ ಗ್ರಂಥಾಲಯಕ್ಕೆ ಈಗ ಸಿಗುವುದು ಪರವಾನಗಿ. ಪ್ರತಿ ಇರುವುದು ಪ್ರಕಾಶಕನ ಸರ್ವರಿನಲ್ಲಿ. ಸ್ವಂತ ಮನೆಯಲ್ಲಿದ್ದವರು ಬಾಡಿಗೆಗೆ ಬಂದರು, ಬಾಡಿಗೆಯೂ ಏರುತ್ತಲೇ ಹೋಯಿತು. ಜರ್ನಲುಗಳಿಗೆ ವರ್ಷಕ್ಕೆ ಸುಮಾರು 37.5 ಲಕ್ಷ ಡಾಲರ್ ತೆರುತ್ತಿದ್ದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಲಹಾ ಮಂಡಳಿಯೇ 2012ರಲ್ಲಿ ಈ ಹೊರೆ ಹೀಗೇ ಮುಂದುವರಿಯಲಾರದು ಎಂದು ತನ್ನ ಅಧ್ಯಾಪಕರಿಗೆ ತಿಳಿಸಿತು. ಒಪ್ಪಂದಗಳಲ್ಲಿ ಹಳೆಯ ಸಂಚಿಕೆಗಳಿಗೆ ಶಾಶ್ವತ ಪ್ರವೇಶವೆಂಬ ಕಲಮು ಇರುವುದುಂಟು, ನಿಜ. ಆದರೆ ಬಹುಮಟ್ಟಿಗೆ ಅದೂ ಇನ್ನೊಬ್ಬರ ಅಂಗಳಕ್ಕೆ ಹೋಗಿ ಓದಿಬರುವ ಹಕ್ಕು.

ಮುಕ್ತ ಪ್ರವೇಶದ ಚಳವಳಿ ಹುಟ್ಟಿದ್ದು ಈ ಸ್ಥಿತಿಯಲ್ಲಿ. 2002ರ ಫೆಬ್ರವರಿಯಲ್ಲಿ ಹೊರಬಂದ ಬುಡಾಪೆಸ್ಟ್ ಘೋಷಣೆ, ಮರುವರ್ಷದ ಬೆಥೆಸ್ಡಾ ಮತ್ತು ಬರ್ಲಿನ್ ಹೇಳಿಕೆಗಳು ಅದಕ್ಕೆ ವ್ಯಾಖ್ಯೆ ಕೊಟ್ಟವು. ಇವನ್ನು ನೆನೆಯುವವರು ಸಾಮಾನ್ಯವಾಗಿ ಉಚಿತ ಓದನ್ನು ಮಾತ್ರ ನೆನೆಯುತ್ತಾರೆ. ಆದರೆ ಆ ವ್ಯಾಖ್ಯೆಗಳಲ್ಲಿ ಇಳಿಸಿಕೊಳ್ಳುವ, ನಕಲು ಮಾಡುವ, ಹಂಚುವ ಅನುಮತಿಯೂ ಸೇರಿತ್ತು. 2002ರ ಕೊನೆಗೆ ಬಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಆ ಅನುಮತಿಗೆ ಕಾನೂನಿನ ಬಲ ಕೊಟ್ಟವು. ಇದರ ಅರ್ಥವನ್ನು ಗ್ರಂಥಾಲಯದ ಕಡೆಯಿಂದ ನೋಡಬೇಕು. ಇಂಥ ಪರವಾನಗಿ ಹೊತ್ತ ಲೇಖನವನ್ನು ಗ್ರಂಥಾಲಯ ಯಾರ ಅಪ್ಪಣೆಗೂ ಕಾಯದೆ ತನ್ನಲ್ಲಿ ಇರಿಸಿಕೊಳ್ಳಬಹುದು, ಕೇಳಿದವರಿಗೆ ಕೊಡಬಹುದು. ಜಾಲಕ್ಕೆ ಏರಿದಾಗ ಕಳೆದುಕೊಂಡ ಹಕ್ಕು ಮರಳಿ ಬಂದಿದೆ. ನನ್ನ ವಾದವಿಷ್ಟು: ಮುಕ್ತ ಪ್ರವೇಶದಿಂದ ಗ್ರಂಥಾಲಯಗಳಿಗೆ ಆಗಿರುವ ಅತಿ ದೊಡ್ಡ ಲಾಭ ಇದೇ, ಮತ್ತು ಅವು ಬಹುಪಾಲು ಮುಟ್ಟದೆ ಬಿಟ್ಟಿರುವುದೂ ಇದನ್ನೇ. ಮುಕ್ತ ಜರ್ನಲೊಂದು ಕಂಡರೆ ನಮ್ಮ ಗ್ರಂಥಾಲಯಗಳು ಕ್ಯಾಟಲಾಗಿಗೆ ಒಂದು ಲಿಂಕ್ ಸೇರಿಸುತ್ತವೆ. ಉಚಿತವಾಗಿ ಸಿಗುವುದಕ್ಕೆ ಬಜೆಟ್ಟಿನಲ್ಲಿ ಬಾಬತ್ತಿಲ್ಲ. ಬಾಬತ್ತಿಲ್ಲದ್ದಕ್ಕೆ ಹೊಣೆಗಾರರೂ ಇಲ್ಲ.

ಹೊಣೆಗಾರರಿಲ್ಲದ್ದರ ಪಾಡು ಏನಾಗುತ್ತದೆ ಎಂಬುದಕ್ಕೆ ಲೆಕ್ಕವಿದೆ. 2000ರಿಂದ 2019ರ ನಡುವೆ 174 ಮುಕ್ತ ಜರ್ನಲುಗಳು ಜಾಲದಿಂದಲೇ ಕಣ್ಮರೆಯಾದವು ಎಂದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಪತ್ತೆ ಹಚ್ಚಿತು. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಸಮಾಜವಿಜ್ಞಾನ ಮತ್ತು ಮಾನವಿಕಗಳಿಗೆ ಸೇರಿದವು. ಡಿಒಐ ಎಂಬ ಕಾಯಂ ಗುರುತು ಪಡೆದ ಸುಮಾರು 74 ಲಕ್ಷ ವಿದ್ವತ್ ಬರಹಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನಕ್ಕೆ, 20 ಲಕ್ಷಕ್ಕೂ ಹೆಚ್ಚು ಬರಹಗಳನ್ನು ಯಾವ ಸಂರಕ್ಷಣಾ ಭಂಡಾರವೂ ಇಟ್ಟುಕೊಂಡಂತೆ ಕಾಣಲಿಲ್ಲ. ಗುರುತು ಕಾಯಂ, ಗುರುತಿಸಲ್ಪಟ್ಟದ್ದು ಕಾಯಂ ಅಲ್ಲ! ಇಲ್ಲಿ ಚಂದಾ ಜರ್ನಲಿಗೂ ಮುಕ್ತ ಜರ್ನಲಿಗೂ ಒಂದು ವ್ಯತ್ಯಾಸವಿದೆ. ದುಡ್ಡು ಕೊಟ್ಟ ಜರ್ನಲು ಒಂದು ದಿನ ತೆರೆಯದಿದ್ದರೆ ದೂರು ಕೊಡುವ ಗಿರಾಕಿ ಇರುತ್ತಾನೆ. ಯಾವುದೋ ವಿಭಾಗದ ಇಬ್ಬರು ಅಧ್ಯಾಪಕರು ಸಂಬಳದಾಚೆಯ ದುಡಿಮೆಯಿಂದ ನಡೆಸಿದ ಮುಕ್ತ ಜರ್ನಲು, ಅವರು ನಿವೃತ್ತರಾಗಿ ಡೊಮೈನಿನ ಬಾಡಿಗೆ ಕಟ್ಟುವವರಿಲ್ಲದೆ ಆರಿಹೋದರೆ ಕೇಳುವವರಿರುವುದಿಲ್ಲ. ಅದನ್ನು ಇಟ್ಟುಕೊಳ್ಳಲು ಎಲ್ಲರಿಗೂ ಅನುಮತಿಯಿತ್ತು, ಯಾರಿಗೂ ಕರ್ತವ್ಯವಿರಲಿಲ್ಲ.

ಪ್ರತಿಯೊಂದು ಗ್ರಂಥಾಲಯವೂ ಅದೇ ಕಡತವನ್ನು ಇಟ್ಟುಕೊಳ್ಳುವುದು ದಂಡ, ದೇಶಕ್ಕೊಂದು ದೊಡ್ಡ ಭಂಡಾರವಿದ್ದರೆ ಸಾಲದೇ ಎಂದು ಕೇಳಬಹುದು. ಕನ್ನಡ ಓದುಗರು ಇದಕ್ಕೆ ಉತ್ತರವನ್ನು ಅನುಭವದಿಂದಲೇ ಬಲ್ಲರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ನಡೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆ ದೇಶದ ಹಲವೆಡೆ ಲಕ್ಷಾಂತರ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿತು. ಅದರಲ್ಲಿ ಕನ್ನಡದ ಪುಸ್ತಕಗಳೂ ದಂಡಿಯಾಗಿದ್ದವು. ಕೆಲವು ವರ್ಷಗಳ ಹಿಂದೆ ಆ ತಾಣ ಸಾರ್ವಜನಿಕರಿಗೆ ಸಿಗದಾಯಿತು. ಅಷ್ಟರಲ್ಲಿ ಅದರ ದೊಡ್ಡ ಭಾಗ ನಕಲಾಗಿ ಅಮೆರಿಕದ ಇಂಟರ್ನೆಟ್ ಆರ್ಕೈವ್ ಸೇರಿತ್ತು. ಇವತ್ತು ಸಂಶೋಧಕರು ಮರುಮುದ್ರಣವಿಲ್ಲದ ಕನ್ನಡ ಗ್ರಂಥವೊಂದನ್ನು ಹುಡುಕಿ ತೆಗೆಯುವುದು ಹೆಚ್ಚಾಗಿ ಅಲ್ಲಿಂದ. ಆ ಆರ್ಕೈವ್ ಕೂಡ 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಗೆ ಸಿಕ್ಕಿ ದಿನಗಟ್ಟಲೆ ಸ್ತಬ್ಧವಾಗಿತ್ತು. ಒಂದೇ ಕಣಜವನ್ನು ನಂಬಿದ ಊರು ಇಲಿಗೂ ಬೆಂಕಿಗೂ ಒಟ್ಟಿಗೆ ಅಂಜಬೇಕು. ಪ್ರತಿಗಳು ಹೆಚ್ಚಿದಷ್ಟೂ ಉಳಿವು ಹೆಚ್ಚು ಎಂಬ ತತ್ತ್ವದ ಮೇಲೆಯೇ ಸ್ಟ್ಯಾನ್‌ಫರ್ಡ್ ಗ್ರಂಥಾಲಯ 1999ರಲ್ಲಿ ಲಾಕ್ಸ್ ಎಂಬ ವ್ಯವಸ್ಥೆ ಹೂಡಿತು. ಬೇರೆ ಬೇರೆ ಗ್ರಂಥಾಲಯಗಳ ಯಂತ್ರಗಳು ತಮ್ಮ ಪ್ರತಿಗಳನ್ನು ಪರಸ್ಪರ ಹೋಲಿಸಿ, ಕೆಟ್ಟದ್ದನ್ನು ಸರಿಯಿರುವುದರಿಂದ ತಿದ್ದಿಕೊಳ್ಳುತ್ತವೆ. ನಮ್ಮ ಹಸ್ತಪ್ರತಿ ಸಂಪಾದಕರು ಪಾಠಾಂತರಗಳನ್ನು ಎದುರುಬದುರು ಇಟ್ಟು ಮಾಡುತ್ತ ಬಂದ ಕೆಲಸಕ್ಕೆ ಇದು ತೀರ ಹತ್ತಿರ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಹಳ್ಳಿಗಾಡಿನ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೆ ಇವತ್ತೇ ಓದಲು ಬೇಕು, ಐವತ್ತು ವರ್ಷದ ನಂತರದ ಚಿಂತೆ ಆಮೇಲಾಗಲಿ ಎಂಬುದು. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿದ ಒಂದು ರಾಷ್ಟ್ರ ಒಂದು ಚಂದಾ ಯೋಜನೆ ಈ ಹಸಿವಿಗೆ ಉತ್ತರ. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲುಗಳು. 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳ ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರು. ಇದು ದೊಡ್ಡ ಉಪಕಾರ, ಅದನ್ನು ಅಲ್ಲಗಳೆಯಲಾಗದು. ಆದರೆ ಇದು ಮುಕ್ತ ಪ್ರವೇಶವಲ್ಲ. ಬಾಡಿಗೆಯನ್ನು ದೇಶ ಒಟ್ಟಿಗೆ ಕಟ್ಟುವ ಏರ್ಪಾಡು. ಮೂರು ವರ್ಷ ಮುಗಿದ ಮರುದಿನ ನಮ್ಮ ಗ್ರಂಥಾಲಯಗಳ ಸ್ವಂತ ಡಿಸ್ಕಿನಲ್ಲಿ ಏನು ಉಳಿದಿರುತ್ತದೆ ಎಂಬುದನ್ನು ಒಪ್ಪಂದದ ಮೊದಲ ಪ್ರಶ್ನೆಯಾಗಿ ಕೇಳಬೇಕು. ಓದುಗನಿಂದ ಹಣ ಪಡೆಯದೆ ಲೇಖಕನಿಂದ ಪಡೆಯುವ ದಾರಿಯೂ ಈ ಗಂಟನ್ನು ಬಿಡಿಸುವುದಿಲ್ಲ. ನೇಚರ್ ಪತ್ರಿಕೆ 2020ರಲ್ಲಿ ಪ್ರಕಟಿಸಿದ ದರ ಒಂದು ಲೇಖನಕ್ಕೆ 9,500 ಯೂರೊ, ಆಗಿನ ಲೆಕ್ಕದಲ್ಲಿ ಎಂಟು ಲಕ್ಷ ರೂಪಾಯಿಗೂ ಮೇಲೆ. ಅಷ್ಟು ತೆತ್ತು ಮುಕ್ತಗೊಳಿಸಿದ ಲೇಖನದ ಪ್ರತಿಯನ್ನೂ ಲೇಖಕನ ವಿಶ್ವವಿದ್ಯಾನಿಲಯ ತನ್ನ ಭಂಡಾರದಲ್ಲಿ ಇಟ್ಟುಕೊಳ್ಳದಿದ್ದರೆ, ಲಕ್ಷಗಳನ್ನು ಕೊಟ್ಟು ಕೊಂಡ ಹಕ್ಕನ್ನು ಮೇಜಿನ ಮೇಲೆ ಬಿಟ್ಟು ಬಂದಂತೆ.

ಕಾಪಾಡುವುದೇ ಗ್ರಂಥಾಲಯದ ಧರ್ಮವೆಂಬ ಮಾತು ಹಳೆಯ ಜಡತೆಗೆ ಮರಳಿದಂತೆ ಎಂದು ಗ್ರಂಥಾಲಯ ವಿಜ್ಞಾನ ಓದಿದವರು ಹೇಳಬಹುದು. ಎಸ್.ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಬರೆದಾಗ ಮೊದಲ ಸ್ಥಾನ ಕೊಟ್ಟದ್ದು ಬಳಕೆಗೆ. ಪುಸ್ತಕವನ್ನು ಬೀಗ ಹಾಕಿ ಕಾಯುವುದೇ ಕೆಲಸವೆಂದುಕೊಂಡಿದ್ದ ಗ್ರಂಥಪಾಲಕರ ವಿರುದ್ಧ ಅವರು ಜೀವಮಾನವಿಡೀ ವಾದಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಅವರು ಕಟ್ಟಿದ ದಾಖಲೀಕರಣ ಸಂಶೋಧನಾ ಕೇಂದ್ರದ ಹಿಂದೆಯೂ ಅದೇ ಕಾಳಜಿ. ಅವರ ಮಾತು ನನ್ನ ವಾದಕ್ಕೆ ವಿರುದ್ಧವಲ್ಲ. ಅವರ ಕಾಲದಲ್ಲಿ ಪುಸ್ತಕ ಹೇಗೂ ಕಪಾಟಿನಲ್ಲಿ ಇರುತ್ತಿತ್ತು, ಅದನ್ನು ಕೈಗೆ ಸಿಗುವಂತೆ ಮಾಡಲು ಹೋರಾಡಬೇಕಿತ್ತು. ಈಗ ಕೈಗೆ ಸಿಗುವುದು ಸುಲಭವಾಗಿ, ಇರುವುದು ಅನಿಶ್ಚಿತವಾಗಿದೆ. ಇಲ್ಲದ್ದನ್ನು ಬಳಸುವುದಾದರೂ ಹೇಗೆ?

ಇಟ್ಟುಕೊಂಡ ಪ್ರತಿ ತಪ್ಪನ್ನೂ ಉಳಿಸುತ್ತದೆ ಎಂಬ ಆಕ್ಷೇಪಕ್ಕೆ ತೂಕವಿದೆ. ವೈಲಿ ಕಂಪನಿಯ ಒಡೆತನದ ಮುಕ್ತ ಪ್ರವೇಶದ ಪ್ರಕಾಶನ ಸಂಸ್ಥೆ ಹಿಂದಾವಿ 2023ರ ಒಂದೇ ವರ್ಷದಲ್ಲಿ 8,000ಕ್ಕೂ ಹೆಚ್ಚು ಲೇಖನಗಳನ್ನು ಹಿಂತೆಗೆದುಕೊಂಡಿತು. ಮುಕ್ತ ಪ್ರವೇಶದ ಹೆಸರಿನಲ್ಲಿ ದುಡ್ಡು ಪಡೆದು ಯಾವುದನ್ನೂ ಪರಿಶೀಲಿಸದೆ ಅಚ್ಚಿಸುವ ಠಕ್ಕ ಜರ್ನಲುಗಳ ಕಾಟ ನಮ್ಮ ದೇಶಕ್ಕೆ ಹೊಸತಲ್ಲ. ಪ್ರಕಾಶಕ ಹಿಂತೆಗೆದ ಲೇಖನ ಹತ್ತು ಗ್ರಂಥಾಲಯಗಳಲ್ಲಿ ಏನೂ ಆಗದಂತೆ ಕುಳಿತಿದ್ದರೆ ಅದು ಅಪಾಯವೇ. ಹಾಗೆಂದು ಅಳಿಸಿಹಾಕುವುದೂ ಪರಿಹಾರವಲ್ಲ: ಯಾವ ಲೇಖನ ಏಕೆ ಸುಳ್ಳಾಯಿತು ಎಂಬುದು ವಿಜ್ಞಾನದ ಚರಿತ್ರೆಗೆ ಬೇಕು, ಅದನ್ನು ನಂಬಿ ಬರೆದ ಇತರ ಲೇಖನಗಳನ್ನು ಅಳೆಯಲೂ ಬೇಕು. ಬೇಕಾದದ್ದು ಪ್ರತಿಯ ಹಣೆಯ ಮೇಲೆ ಗುರುತು. ಹಿಂತೆಗೆತಗಳ ದೊಡ್ಡ ಪಟ್ಟಿಯಾದ ರಿಟ್ರಾಕ್ಷನ್ ವಾಚ್ ದತ್ತಾಂಶವನ್ನು ಕ್ರಾಸ್‌ರೆಫ್ ಸಂಸ್ಥೆ 2023ರಲ್ಲಿ ಪಡೆದು ಎಲ್ಲರಿಗೂ ತೆರೆದಿಟ್ಟ ಮೇಲೆ, ಗ್ರಂಥಾಲಯದ ಭಂಡಾರ ಅದರೊಡನೆ ತನ್ನ ಸಂಗ್ರಹವನ್ನು ತಾಳೆ ನೋಡುವುದು ಯಂತ್ರ ಮಾಡಬಲ್ಲ ಕೆಲಸ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದು ಠಕ್ಕು ಎಂದು ಆಯುವ ವಿವೇಕ ಮಾತ್ರ ಮನುಷ್ಯರದು, ಅದು ಗ್ರಂಥಪಾಲಕರ ಹಳೆಯ ವಿದ್ಯೆ.

ಇದೆಲ್ಲ ಸರಿ, ಮಾಡುವ ಶಕ್ತಿ ಎಲ್ಲಿದೆ? ಗ್ರಂಥಪಾಲಕರ ಹುದ್ದೆಗಳೇ ಖಾಲಿ ಬಿದ್ದಿರುವ ಕಡೆ ಭಂಡಾರದ ಮಾತಾಡುವುದು ಕಷ್ಟವೆಂಬುದು ನಿಜ. ಆದರೂ ನಮ್ಮಲ್ಲಿ ಆದದ್ದನ್ನು ನೋಡಬೇಕು. ಭಾರತೀಯ ವಿಜ್ಞಾನ ಸಂಸ್ಥೆ ದೇಶದ ಮೊದಲ ಸಾಂಸ್ಥಿಕ ಭಂಡಾರವನ್ನು 2002ರಲ್ಲೇ ತೆರೆಯಿತು. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ, ಬುಡಾಪೆಸ್ಟ್ ಘೋಷಣೆಗೂ ನಾಲ್ಕು ವರ್ಷ ಮೊದಲೇ, 1998ರಲ್ಲಿ, ತನ್ನ ಭೌತವಿಜ್ಞಾನದ ಪತ್ರಿಕೆ ಪ್ರಮಾಣವನ್ನು ಜಾಲದಲ್ಲಿ ಉಚಿತವಾಗಿ ಇಟ್ಟಿತು, ಲೇಖಕರಿಂದ ಶುಲ್ಕ ಕೇಳದೆ. ಯುಜಿಸಿಯ 2009ರ ನಿಯಮ ಪಿಎಚ್‌.ಡಿ. ಪ್ರಬಂಧಗಳ ಡಿಜಿಟಲ್ ಪ್ರತಿಯನ್ನು ಕಡ್ಡಾಯ ಮಾಡಿದ ಮೇಲೆ ಶೋಧಗಂಗಾ ಎಂಬ ರಾಷ್ಟ್ರೀಯ ಭಂಡಾರದಲ್ಲಿ ಅವು ಲಕ್ಷಗಟ್ಟಲೆ ಸೇರಿವೆ. ಅದಕ್ಕೂ ಮೊದಲು ಅಂಥ ಪ್ರಬಂಧವೊಂದನ್ನು ಓದಬೇಕೆಂದರೆ ಆಯಾ ವಿಶ್ವವಿದ್ಯಾನಿಲಯದ ಕಪಾಟಿನವರೆಗೆ ಪ್ರಯಾಣ ಮಾಡಬೇಕಿತ್ತು. ಪ್ರತಿ ಕಾಲೇಜೂ ಸರ್ವರು ಸಾಕಬೇಕಾಗಿಲ್ಲ. ನಾಲ್ಕೈದು ವಿಶ್ವವಿದ್ಯಾನಿಲಯಗಳು ಸೇರಿ ಒಂದೊಂದು ಪ್ರತಿ ಹೊತ್ತರೂ ಸಾಕು. ಗ್ರಂಥಾಲಯ ಇಂಥ ಹೊಣೆ ಹೊರಬಲ್ಲದು ಎಂಬುದಕ್ಕೆ ಹೊರಗೂ ನಿದರ್ಶನವಿದೆ: 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಶುರು ಮಾಡಿದ ಆರ್ಕೈವ್ (arXiv) ಎಂಬ ಭೌತವಿಜ್ಞಾನಿಗಳ ಲೇಖನ ಭಂಡಾರವನ್ನು 2001ರ ನಂತರ ದೀರ್ಘಕಾಲ ಹೊತ್ತು ನಡೆಸಿದ್ದು ಕಾರ್ನೆಲ್ ವಿಶ್ವವಿದ್ಯಾನಿಲಯದ ಗ್ರಂಥಾಲಯವೇ.

ಕೊರತೆ ಕಾನೂನಿನಲ್ಲೂ ಇದೆ. ಅಚ್ಚಾದ ಪ್ರತಿ ಪುಸ್ತಕವನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಕಳುಹಿಸಬೇಕೆಂದು 1954ರ ಕಾಯಿದೆ ಹೇಳುತ್ತದೆ. ಅದನ್ನು ರೂಪಿಸಿದವರು ಒಂದೇ ಪ್ರತಿಯನ್ನು ನಂಬಲಿಲ್ಲ ಎಂಬುದನ್ನು ಗಮನಿಸಬೇಕು. ಆದರೆ ಆ ಕಾಯಿದೆ ಕಾಗದದ ಕಾಲದ್ದು. ಬ್ರಿಟನ್ 2013ರಲ್ಲೇ ಇಂಥ ಕರ್ತವ್ಯವನ್ನು ಡಿಜಿಟಲ್ ಪ್ರಕಟಣೆಗಳಿಗೆ ವಿಸ್ತರಿಸಿತು. ಈ ಅಂತರದಿಂದ ಹೆಚ್ಚು ಕಳೆದುಕೊಳ್ಳುವವರು ಇಂಗ್ಲಿಷಿನಲ್ಲಿ ದೊಡ್ಡ ಪ್ರಕಾಶಕರ ಮೂಲಕ ಬರೆಯುವವರಲ್ಲ. ಅವರ ಲೇಖನ ಎಲ್ಲೋ ಒಂದು ಕಡೆ ಉಳಿದೀತು. ಶಾಸನ, ಜಾನಪದ, ಉಪಭಾಷೆ, ಸ್ಥಳೀಯ ಚರಿತ್ರೆಯ ಬಗ್ಗೆ ಕನ್ನಡದಲ್ಲಿ ಬರೆದ ಲೇಖನಕ್ಕೆ ಡಿಒಐ ಇರುವುದು ಅಪರೂಪ, ಲಾಕ್ಸ್‌ನಂಥ ಜಾಲದ ಕಾವಲೂ ಅಪರೂಪ. ಮುದ್ರಣದ ಖರ್ಚು ತಾಳಲಾರದೆ ಪಿಡಿಎಫ್ ಆಗಿ ಮಾತ್ರ ಹೊರಬರುವ ವಿಭಾಗದ ಪತ್ರಿಕೆಯೊಂದನ್ನು ಉಳಿಸಲು ಕೋಟಿಗಳು ಬೇಕಿಲ್ಲ: ಸಂಪಾದಕರಿಂದ ಪರವಾನಗಿಯ ಒಂದು ಸಾಲು, ಅದೇ ಆವರಣದ ಗ್ರಂಥಾಲಯದಲ್ಲಿ ಒಂದು ಪ್ರತಿ, ಇನ್ನೊಂದು ಊರಿನ ಗ್ರಂಥಾಲಯದಲ್ಲಿ ಮತ್ತೊಂದು, ಮತ್ತು ಆ ಎರಡನ್ನೂ ವರ್ಷಕ್ಕೊಮ್ಮೆ ತೆರೆದು ನೋಡುವುದು ತನ್ನ ಹುದ್ದೆಯ ಕರ್ತವ್ಯವೆಂದು ಆದೇಶದಲ್ಲಿ ಬರೆಸಿಕೊಂಡ ಒಬ್ಬ ಗ್ರಂಥಪಾಲಕ.