ಜಾತಿ ಎಂಬ ಹೆಸರಿಗೆ ಮಾದರಿ ಎಲ್ಲಿದೆ?


*ಇಂದಿನ ಧಮ್ಮ ಚಿಂತನೆ*



ಕಳೆದ ಭಾನುವಾರ ಬಂಗಾರಪೇಟೆಯಿಂದ ನಮ್ಮ ಬಳಗಕ್ಕೆ ಬರುವ ಪಿಯುಸಿ ಹುಡುಗಿಯೊಬ್ಬಳು ಹಕ್ಕಿಗಳ ಬಗೆಗಿನ ಹಳೆಯ ಇಂಗ್ಲಿಷ್ ಪುಸ್ತಕ ತಂದಿದ್ದಳು. ಕೆ.ಜಿ.ಎಫ್.ನ ಸೈನೈಡ್ ಗುಡ್ಡಗಳ ಮೇಲೆ ದಿನವೂ ಸುತ್ತುವ ನಮ್ಮ ಹದ್ದಿಗೆ ಅದರಲ್ಲಿ ‘ಪರಯಾ ಕೈಟ್’ ಎಂದು ಹೆಸರು. ಬಿಳಿ ಎದೆಯ, ಕೆಂಗಂದು ರೆಕ್ಕೆಯ ಗರುಡಕ್ಕೆ ‘ಬ್ರಾಹ್ಮಿನಿ ಕೈಟ್’. “ಅಣ್ಣಾ, ಹಕ್ಕಿಗೂ ಜಾತಿ ಇದೆಯಾ?” ಎಂದು ಕೇಳಿದಳು. ಯಾರೂ ನಗಲಿಲ್ಲ. ನಮ್ಮಲ್ಲಿ ಹಲವರ ತಾತಂದಿರು ಉತ್ತರ ಆರ್ಕಾಟಿನಿಂದ ಈ ಗಣಿಗಳಿಗೆ ಬಂದಾಗ ಅವರ ಬೆನ್ನ ಮೇಲಿದ್ದ ಹೆಸರೂ ಅದೇ.

ಎರಡೂ ಹಕ್ಕಿಗಳು ಸತ್ತದ್ದನ್ನು, ಎಸೆದದ್ದನ್ನು ತಿನ್ನುತ್ತವೆ. ಆದರೂ ಒಂದಕ್ಕೆ ಮೇಲಿನ ಹೆಸರು, ಒಂದಕ್ಕೆ ಕೆಳಗಿನದು. ಇಂದಿನ ಪುಸ್ತಕಗಳಲ್ಲಿ ನಮ್ಮ ಹದ್ದು ‘ಬ್ಲ್ಯಾಕ್ ಕೈಟ್’ ಆಗಿದೆ. ಬ್ರಾಹ್ಮಿನಿ ಮಾತ್ರ ಬ್ರಾಹ್ಮಿನಿಯಾಗಿಯೇ ಉಳಿದಿದೆ.

ಬಳಗದ ಹಿರಿಯರೊಬ್ಬರು ಹೇಳಿದರು: “ಹೆಸರಲ್ಲೇನಿದೆ? ನಾಗಸೇನ ಭಂತೇಜಿಯವರೇ ಮಿಲಿಂದ ರಾಜನಿಗೆ ಹೆಸರು ಬರೀ ವ್ಯವಹಾರಕ್ಕೆ ಎಂದರಲ್ಲ.” ಮಾತು ನಿಜ. ಹೆಸರು ಮನುಷ್ಯರು ಇಟ್ಟದ್ದು. ಹಾಗಿದ್ದರೆ ಮನುಷ್ಯರೇ ಅದನ್ನು ತೆಗೆಯಲೂಬಹುದು ತಾನೆ? ಯಾವಾಗ ತೆಗೆಯಬೇಕು ಎಂಬುದೇ ಪ್ರಶ್ನೆ.

ವಿಜ್ಞಾನದಲ್ಲಿ ಇದಕ್ಕೆ ನಿಯಮಗಳಿವೆ. ಪ್ರಾಣಿಲೋಕದಲ್ಲಿ ಎರಡು ಕುಲಗಳಿಗೆ ಒಂದೇ ಹೆಸರು ಇರುವಂತಿಲ್ಲ. 1799ರಲ್ಲಿ ಆಸ್ಟ್ರೇಲಿಯಾದ ಬಾತುಕೊಕ್ಕಿನ ಪ್ರಾಣಿಗೆ ‘ಪ್ಲಾಟಿಪಸ್’ ಎಂದು ಹೆಸರಿಟ್ಟರು. ಆ ಹೆಸರು 1793ರಲ್ಲೇ ಒಂದು ಜೀರುಂಡೆಗೆ ಸಂದಿತ್ತು. ಜೀರುಂಡೆ ಎಷ್ಟೇ ಚಿಕ್ಕದಾದರೂ ಹೆಸರು ಅದರದೇ ಆಯಿತು. ದೊಡ್ಡ ಪ್ರಾಣಿ ‘ಆರ್ನಿತೊರಿಂಕಸ್’ ಎಂಬ ಬೇರೆ ಹೆಸರು ಪಡೆಯಿತು.

ಇನ್ನೊಂದು ನಿಯಮ: ಹೆಸರಿಗೆ ಆಧಾರವಾಗಿ ಒಂದು ಮಾದರಿ ಜೀವಿಯನ್ನು ಗೊತ್ತುಮಾಡಿ, ಅದು ಎಲ್ಲಿದೆ ಎಂದು ತಿಳಿಸಬೇಕು. ನಮ್ಮ ಪಶ್ಚಿಮ ಘಟ್ಟದ ದೊಡ್ಡ ಸುಕ್ಕುಗಪ್ಪೆಯೊಂದಕ್ಕೆ 2001ರಲ್ಲಿ ‘ನಿಕ್ಟಿಬ್ಯಾಟ್ರಾಕಸ್ ಹುಸೇನಿ’ ಎಂದು ಹೆಸರಿಟ್ಟಿದ್ದರು. ಮಾದರಿಯ ವಿಷಯದಲ್ಲಿ ನಿಯಮ ಪೂರ್ತಿ ಪಾಲನೆಯಾಗದೆ ಆ ಹೆಸರು ನಿಲ್ಲಲಿಲ್ಲ. 2007ರಲ್ಲಿ ‘ನಿಕ್ಟಿಬ್ಯಾಟ್ರಾಕಸ್ ಕರ್ನಾಟಕೆನ್ಸಿಸ್’ ಎಂಬ ಹೆಸರು ಕೊಟ್ಟರು. ಮೊದಲ ಹೆಸರಿಟ್ಟವರಲ್ಲಿ ಇಬ್ಬರು ಈ ತಿದ್ದುಪಡಿಯಲ್ಲೂ ಇದ್ದರು. ತಾವಿಟ್ಟ ಹೆಸರನ್ನು ತಾವೇ ತಿದ್ದಿಕೊಳ್ಳುವುದು ಸಣ್ಣ ಗುಣವಲ್ಲ.

ಈಗ ಸುತ್ತನಿಪಾತದ ವಾಸೆಟ್ಠ ಸುತ್ತವನ್ನು ನೆನೆಯೋಣ. ಹುಟ್ಟಿನಿಂದ ಬ್ರಾಹ್ಮಣನೋ, ಕರ್ಮದಿಂದಲೋ ಎಂದು ಇಬ್ಬರು ಯುವಕರು ವಾದಿಸುತ್ತ ಭಗವಾನರ ಬಳಿ ಬರುತ್ತಾರೆ. ಹುಲ್ಲು, ಮರ, ಹುಳ, ಹಾವು, ಮೀನು, ಹಕ್ಕಿ, ಇವುಗಳಲ್ಲಿ ಜಾತಿಜಾತಿಗೆ ಮೈಮೇಲೆ ಗುರುತುಗಳಿವೆ. ಮನುಷ್ಯರಲ್ಲಿ ಅಂಥ ಗುರುತಿಲ್ಲ, ಅವರ ಭೇದ ಬರೀ ಹೆಸರಿನದು ಎಂದು ಬುದ್ಧರು ತಿಳಿಸುತ್ತಾರೆ. ಕನ್ನಡದಲ್ಲಿ “ಯಾವ ಜಾತಿ ಮರ?” ಎಂದೂ ಕೇಳುತ್ತೇವೆ, “ಯಾವ ಜಾತಿಯವನು?” ಎಂದೂ ಕೇಳುತ್ತೇವೆ. ಮೊದಲ ಪ್ರಶ್ನೆಗೆ ಎಲೆ, ಹೂವು, ಕಾಯಿ ಉತ್ತರ ಹೇಳುತ್ತವೆ. ಎರಡನೆಯದಕ್ಕೆ ತೋರಿಸಲು ಯಾವ ಮೈಯೂ ಇಲ್ಲ. ಮಾದರಿಯೇ ಇಲ್ಲದ ಹೆಸರು ಕಪ್ಪೆಯ ಮೇಲೂ ನಿಲ್ಲುವುದಿಲ್ಲ. ಮನುಷ್ಯನ ಮೇಲೆ ಎರಡು ಸಾವಿರ ವರ್ಷ ನಿಂತಿತಲ್ಲ!

ವಿಜ್ಞಾನ ಎಲ್ಲ ತಪ್ಪು ಹೆಸರನ್ನೂ ಬದಲಿಸುವುದಿಲ್ಲ, ಅದನ್ನೂ ಹೇಳಬೇಕು. ನಮ್ಮ ಹದ್ದಿನ ಶಾಸ್ತ್ರೀಯ ಹೆಸರು ‘ಮಿಲ್ವಸ್ ಮೈಗ್ರಾನ್ಸ್’, ಅಂದರೆ ವಲಸೆ ಹೋಗುವ ಹದ್ದು. ನಮ್ಮ ಹದ್ದು ವರ್ಷವಿಡೀ ಇಲ್ಲೇ ಇರುತ್ತದೆ. ಆದರೂ ಆ ಹೆಸರು ಉಳಿದಿದೆ. ದಿನಕ್ಕೊಂದು ಹೆಸರಾದರೆ ಯಾರ ಮಾತೂ ಯಾರಿಗೂ ತಿಳಿಯದು ಎಂಬುದು ಕಾರಣ. ಅದು ಸರಿಯೇ. ಆ ತಪ್ಪಿನಿಂದ ಹದ್ದಿಗೆ ನೋವಿಲ್ಲ.

ನೋವಾಗುವ ಹೆಸರಿನ ಮಾತೇ ಬೇರೆ. ಆಫ್ರಿಕಾದ ಕರಿಯ ಜನರನ್ನು ಬಿಳಿಯರು ‘ಕಾಫಿರ್’ ಎಂದು ಹೀಯಾಳಿಸುತ್ತಿದ್ದರು. ಅದೇ ಬೇರಿನ ‘ಕಾಫ್ರಾ’ ಎಂಬ ಪದ ಇನ್ನೂರಕ್ಕೂ ಹೆಚ್ಚು ಸಸ್ಯ, ಶಿಲೀಂಧ್ರ, ಪಾಚಿಗಳ ಹೆಸರಿನಲ್ಲಿತ್ತು. 2024ರ ಜುಲೈನಲ್ಲಿ ಮ್ಯಾಡ್ರಿಡ್‌ನಲ್ಲಿ ಸಸ್ಯವಿಜ್ಞಾನಿಗಳು ಮತ ಹಾಕಿ ಅದನ್ನು ‘ಆಫ್ರಾ’ ಎಂದು ತಿದ್ದಿದರು. ನಮ್ಮ ಹಾಲುವಾಣದ ಬಳಗದ ‘ಎರಿತ್ರಿನಾ ಕಾಫ್ರಾ’ ಈಗ ‘ಎರಿತ್ರಿನಾ ಆಫ್ರಾ’. ಒಂದೇ ಅಕ್ಷರ ಬಿತ್ತು. ಬೈಗುಳ ಹೋಗಿ ನೆಲದ ಹೆಸರು ಉಳಿಯಿತು.

ಈ ಕೆಲಸ ನಮ್ಮ ಊರಿಗೆ ಹೊಸದಲ್ಲ. ‘ಪರಯ’ ಎಂಬುದು ಪೂರ್ವ ಬೌದ್ಧರ ಮೇಲೆ ಹಗೆಯಿಂದ ಹೊರಿಸಿದ ಹೆಸರು ಎಂದು ಅಯೋತ್ತಿದಾಸ ಪಂಡಿತರು ವಾದಿಸಿದರು. 1907ರಲ್ಲಿ ಅವರು ಆರಂಭಿಸಿದ ‘ತಮಿಳನ್’ ಪತ್ರಿಕೆ ಅವರ ಕಾಲಾನಂತರ ನಮ್ಮ ಕೆ.ಜಿ.ಎಫ್.ನಿಂದಲೂ ಹೊರಬಂತು. 1938ರಲ್ಲಿ ಬಾಂಬೆ ಶಾಸನಸಭೆ ‘ಹರಿಜನ’ ಪದವನ್ನು ಕಾನೂನಿಗೆ ಸೇರಿಸಲು ಹೊರಟಾಗ ಬಾಬಾಸಾಹೇಬರು ತಮ್ಮ ಪಕ್ಷದವರೊಂದಿಗೆ ಹೊರನಡೆದರು. ಇದ್ದ ಮನೆಯಲ್ಲೇ ಇದ್ದು ಹೊಸ ಹೆಸರಿಟ್ಟುಕೊಂಡರೆ ಹಳೆಯ ಅರ್ಥವೇ ಅದಕ್ಕೂ ಅಂಟುತ್ತದೆ ಎಂಬುದನ್ನು ಅವರು ಕಂಡಿದ್ದರು. ಅದಕ್ಕೇ 1956ರ ಅಕ್ಟೋಬರ್ 14ರಂದು ಹೆಸರಿನ ಜೊತೆ ಮನೆಯನ್ನೂ ಬದಲಿಸಿದರು.

“ಹಾಗಾದರೆ ನನ್ನ ಜಾತಿ ಪ್ರಮಾಣಪತ್ರದಲ್ಲಿ ಹಳೆಯ ಹೆಸರು ಇದೆಯಲ್ಲ?” ಹುಡುಗಿಯ ಕೊನೆಯ ಪ್ರಶ್ನೆ ಇದು. ವಿಜ್ಞಾನಿಗಳು ಬದಲಿಸಿದ ಹೆಸರನ್ನು ಅಳಿಸಿಹಾಕುವುದಿಲ್ಲ. ಹೊಸ ಹೆಸರಿನ ಕೆಳಗೆ ಹಳೆಯದನ್ನೂ ದಾಖಲಿಸಿಡುತ್ತಾರೆ. ಇಲ್ಲದಿದ್ದರೆ ಹಳೆಯ ದಾಖಲೆಗಳು ಯಾರವೆಂದು ತಿಳಿಯದು. 1990ರ ತಿದ್ದುಪಡಿಯ ನಂತರ ಬೌದ್ಧರಾದ ನಮಗೂ ಪರಿಶಿಷ್ಟ ಜಾತಿಯ ಹಕ್ಕು ಸಿಕ್ಕಿದೆ. ಆ ಕಾಗದ ನಮಗಾದ ಅನ್ಯಾಯದ ದಾಖಲೆ, ಪರಿಹಾರಕ್ಕೆ ಬೇಕಾದ ಸಾಕ್ಷಿ. ಅದನ್ನು ಕಪಾಟಿನಲ್ಲಿ ಜೋಪಾನವಾಗಿಡು ಮಗಳೇ, ಎದೆಯಲ್ಲಿ ಇಟ್ಟುಕೊಳ್ಳಬೇಡ.

*ಇಂದಿನ ಅಭ್ಯಾಸ:* ಸುಳ್ಳಾಡುವುದಿಲ್ಲ ಎಂಬ ಶೀಲ ಸ್ವೀಕರಿಸಿದ್ದೇವೆ. ಸುಳ್ಳು ಹೆಸರಿಟ್ಟು ಕರೆಯುವುದೂ ಸುಳ್ಳೇ. ನಮ್ಮ ಬೀದಿಯಲ್ಲಿ, ನಮ್ಮವರನ್ನೇ, ಪಕ್ಕದ ಕೇರಿಯವರನ್ನೇ ನಾವು ಯಾವ ಹೆಸರಿನಿಂದ ಕರೆಯುತ್ತಿದ್ದೇವೆ? ಅದು ಅವರಿಗೆ ನೋವಾಗುವ ಹೆಸರಾದರೆ ಇಂದೇ ಬಿಡೋಣ.

*ಭವತು ಸಬ್ಬ ಮಂಗಲಂ.*