ಉದ್ದೇಶವಿಲ್ಲದ ಉಪಕಾರ

ಕೆರೆಯ ದಂಡೆಯಲ್ಲಿ ಕಾಲು ಜಾರಿದವನು ಕಲ್ಲಿನ ಮೇಲಣ ಲೋಳೆಯನ್ನು ಶಪಿಸದೆ ಬಿಡನು. ಆದರೆ ಆ ಲೋಳೆಯು ಬರಿಯ ಕೊಳೆಯಲ್ಲ. ಕಣ್ಣಿಗೆ ಕಾಣದ ಅಸಂಖ್ಯ ಅಣುಜೀವಿಗಳೂ ಹಸುರು ಪಾಚಿಯೂ ತಾವೇ ಸ್ರವಿಸಿದ ಅಂಟಿನೊಳಗೆ ಕೂಡಿ ಬಾಳುವ ಊರು. ಪಾಚಿಯು ಬಿಸಿಲಿನಲ್ಲಿ ಹೊರಬಿಡುವ ಆಮ್ಲಜನಕವನ್ನು ಉಸಿರಾಡಿ, ನೆರೆಯ ಜೀವಿಗಳು ನೀರಿನ ಹೊಲಸನ್ನು ಆಹಾರವಾಗಿ ಸೆಳೆದು ಜೀರ್ಣಿಸಿಕೊಳ್ಳುವುವು.

ಇಂಥ ಪೊರೆಯು ಮರಳಿನ ಕಣಗಳ ಮೇಲೂ ಬೆಳೆಯುವುದು. ಅದರ ಬೆಲೆಯು 1892ರಲ್ಲಿ ಜರ್ಮನಿಯಲ್ಲಿ ಪ್ರಕಟವಾಯಿತು. ಎಲ್ಬೆ ನದಿಯ ನೀರನ್ನು ಹ್ಯಾಂಬರ್ಗ್ ನಗರವು ಸೋಸದೆಯೇ ಕುಡಿಯುತ್ತಿದ್ದಿತು. ನೆರೆಯ ಆಲ್ಟೋನಾ ಪಟ್ಟಣವಾದರೋ, ಹ್ಯಾಂಬರ್ಗಿನ ಚರಂಡಿಗಳೆಲ್ಲ ಸೇರಿದ ಮೇಲೆ, ಅದೇ ನದಿಯ ಕೆಳಹರಿವಿನ ನೀರನ್ನೆತ್ತಿ, ಮರಳಿನ ಹಾಸಿನ ಮೂಲಕ ಮೆಲ್ಲಮೆಲ್ಲನೆ ಇಳಿಸಿ ಕುಡಿಯುತ್ತಿದ್ದಿತು. ಆ ವರ್ಷದ ಕಾಲರಾದಲ್ಲಿ ಹ್ಯಾಂಬರ್ಗಿನ 8,000ಕ್ಕೂ ಮಿಕ್ಕ ಜನರು ಸತ್ತರು. ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ಎರಡೂರುಗಳ ಗಡಿಯ ಬೀದಿಯಲ್ಲಿ ಹ್ಯಾಂಬರ್ಗಿನ ನೀರು ಕುಡಿದ ಬದಿಗೆ ರೋಗ ತಗಲಿತು. ಎದುರು ಬದಿ ಉಳಿಯಿತು.

ಧರ್ಮಜಿಜ್ಞಾಸೆಗೆ ಎಡೆಯಿರುವುದು ಇಲ್ಲಿಯೇ. ಆಲ್ಟೋನಾದ ಮಗುವನ್ನು ಉಳಿಸಬೇಕೆಂಬ ಸಂಕಲ್ಪವು ಅಣುಜೀವಿಗೆ ಇರಲಿಲ್ಲ. ಅದು ಉಂಡಿತು, ಅಷ್ಟೆ. ಸಂಕಲ್ಪವಿಲ್ಲದೆಡೆ ಪುಣ್ಯವಿಲ್ಲ, ಪುಣ್ಯವಿಲ್ಲದೆಡೆ ಋಣವೂ ಇಲ್ಲವೆಂದು ವಾದಿಸುವವರುಂಟು. ವಾದವು ಕೇಳಲು ನೇರವಾಗಿದೆ. ಆದರೆ ಋಣವನ್ನು ಅಳೆಯಬೇಕಾದುದು ಕೊಟ್ಟವನ ಮನಸ್ಸಿನಿಂದಲೋ, ಪಡೆದವನ ಬದುಕಿನಿಂದಲೋ? ಮಳೆಗೂ ಮರಕ್ಕೂ ಕೈಮುಗಿಯುವ ಜನರು ಎರಡನೆಯದನ್ನೇ ನಂಬಿದವರು. ಮುಗಿದ ಕೈಯೇ ಕೆರೆಗೆ ಕಸವನ್ನೆಸೆಯುವುದು ಬೇರೆ ಮಾತು.

ಈ ಉಪಕಾರಕ್ಕೆ ಮಿತಿಯೂ ಉಂಟು. ಸೀಸ, ಪಾದರಸಗಳನ್ನು ಪೊರೆಯು ನಾಶಮಾಡಲಾರದು, ಹಿಡಿದಿಡಬಲ್ಲುದು ಮಾತ್ರ. ಪೊರೆಯನ್ನು ಮೇಯುವ ಬಸವನಹುಳುವಿಗೂ, ಅದನ್ನು ನುಂಗುವ ಮೀನಿಗೂ ಆ ವಿಷವು ಸಾಗುವುದು. ನೀರು ಮಾತ್ರ ತಿಳಿಯಾಗಿ ಕಾಣುವುದು. ಹೊಲಸು ಅತಿಯಾದರೆ ಆಮ್ಲಜನಕವೇ ತೀರಿ, ತೊಳೆಯುವ ಜೀವಿಗಳೇ ಸಾಯುವುವು. ಕೆರೆಯು ತನ್ನನ್ನು ತಾನೇ ತೊಳೆದುಕೊಳ್ಳುವುದೆಂದು ಹೇಳಿ ಕಾರ್ಖಾನೆಯ ನೀರನ್ನು ಅದಕ್ಕೆ ಹರಿಯಬಿಡುವವನು, ಋಣವನ್ನು ಅಲ್ಲಗಳೆಯುವುದರ ಜೊತೆಗೆ ಸಾಲ ಕೊಟ್ಟವನ ಮನೆಗೇ ಕನ್ನವಿಕ್ಕುವನು.

ಮರಳುಹಾಸಿನ ಆ ಪೊರೆಗೆ ಜರ್ಮನರಿಟ್ಟ ಹೆಸರಿನ ಅರ್ಥ ‘ಕೊಳೆಯ ಹೊದಿಕೆ’ ಎಂದು. ಅದು ದಪ್ಪವಾಗಿ ನೀರಿಳಿಯದಾದಾಗ ಕೆಲಸಗಾರರು ಮೇಲಣ ಪದರವನ್ನು ಹೆರೆದು ತೆಗೆಯುವರು. ಹಾಗೆ ಶುಭ್ರಗೊಂಡ ಹಾಸಿನಿಂದಿಳಿದ ಮೊದಲ ನೀರನ್ನು ಯಾರಿಗೂ ಕುಡಿಯಕೊಡರು. ಕೊಳೆಯು ಮರಳಿ ಕೂಡುವವರೆಗೆ ಕಾಯುವರು.